ಸುರೈಯಾಳ ಝೆರಾಕ್ಸ್ ಹಾಳೆಗಳು

ವಿಜಯಪುರದ ಜೋರಾಪುರ ಪೇಟೆಯಲ್ಲಿ ಚಮನಸಾಬನ ಮನೆ ಯಾವುದೆಂದು ಹೆಚ್ಚು ವಿಚಾರಿಸಬೇಕಾಗಿಲ್ಲ. ಯಾವ ಮನೆಯ ಮುಂದಿನ ಹಗ್ಗದ ಮೇಲೆ ಜರಿಪಟ್ಟಿಯ ಹದಿನಾಲ್ಕು ಕೆಂಪು ಕೋಟುಗಳು ಒಣಗುತ್ತಿರುತ್ತವೆಯೋ ಅದೇ ಅವನ ಮನೆ. ಮದುವೆಯ ಸುಗ್ಗಿಯಲ್ಲಿ ಆ ಕೋಟುಗಳಿಗೆ ಒಣಗಲೂ ಪುರುಸೊತ್ತು ಸಿಗುವುದಿಲ್ಲ, ಹಸಿ ಇದ್ದಂತೆಯೇ ತೊಟ್ಟುಕೊಂಡು ಹೊರಡುತ್ತಾರೆ. ಚಮನಸಾಬ ಬ್ಯಾಂಡ್ ಮಾಸ್ತರ. ಕ್ಲಾರಿನೆಟ್ ಅವನದು, ಉಳಿದ ಹದಿಮೂರು ವಾದ್ಯಗಳು ಅವನ ಮಾತು ಕೇಳುತ್ತವೆ. ಮನೆಯಲ್ಲಿ ಅವನ ಮಾತು ಕೇಳುವವರು ಅಷ್ಟು ಜನ ಇಲ್ಲ.

ಬ್ಯಾಂಡಿನವರಿಗೆ ಒಂದು ಕಟ್ಟಳೆಯಿದೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ತನಕ ಸೈಡ್ ಡ್ರಮ್ಮಿನವನು ಸಣ್ಣಗೆ ಟರ್ ಟರ್ ಎನಿಸುತ್ತಲೇ ಇರಬೇಕು. ವಾದ್ಯ ಪೂರ್ತಿ ನಿಂತಿತೆಂದರೆ ಮೆರವಣಿಗೆ ಮುಗಿಯಿತೆಂದೇ ಈ ಸೀಮೆಯ ಜನರ ತಿಳಿವಳಿಕೆ. ತೊರವಿಯ ಒಂದು ಮದುವೆಯಲ್ಲಿ ನಡುದಾರಿಯಲ್ಲೇ ಡ್ರಮ್ಮಿನ ಚರ್ಮ ಹರಿದು ಅರ್ಧ ನಿಮಿಷ ಎಲ್ಲವೂ ಸ್ತಬ್ಧವಾಯಿತು. ಅಷ್ಟರೊಳಗೆ ಮದುಮಗ ಕುದುರೆಯಿಂದ ಇಳಿದಿದ್ದ, ಕುದುರೆಯ ಮುಂದೆ ಮೇವು ಬಿದ್ದಿತ್ತು, ಬೀಗರು ಊಟದ ವಾಸನೆ ಹಿಡಿದು ಹೊರಟುಬಿಟ್ಟಿದ್ದರು. ಹಂದರ ಇನ್ನೂ ಎರಡು ಓಣಿ ಆಚೆಗಿತ್ತು.

ಗಪ್ಪಾಗಲೇಬೇಕಾದ ಜಾಗಗಳೂ ಇರುತ್ತವೆ. ಆಸ್ಪತ್ರೆಯ ಮುಂದೆ, ಸಾವಾದ ಮನೆಯ ಮುಂದೆ. ಅಲ್ಲಿ ಚಮನಸಾಬ ಬಲಗೈ ಮೇಲೆತ್ತಿ ಅಂಗೈ ತೋರಿಸುತ್ತಾನೆ. ಆ ಕೈ ಇಳಿಯುವ ತನಕ ಯಾರೂ ಸದ್ದು ಮಾಡುವಂತಿಲ್ಲ, ಯಾರೂ ಚದುರುವಂತೆಯೂ ಇಲ್ಲ. ವಾದ್ಯ ನಿಂತಿದೆ, ಆದರೆ ಮುಗಿದಿಲ್ಲ ಎಂದು ಅದರ ಅರ್ಥ. ವಿಜಯಪುರದಿಂದ ಬಬಲೇಶ್ವರದ ತನಕ ಅವನ ಬ್ಯಾಂಡಿನ ಮುಂದೆ ಕುಣಿದವರಿಗೆಲ್ಲ ಆ ಕೈಯ ಪರಿಚಯವಿದೆ.

ಇಂಥ ಗದ್ದಲದ ಮನೆಯಲ್ಲಿ ಹುಟ್ಟಿದ ಸುರೈಯಾ ವಯಲಿನ್ ಹಿಡಿದದ್ದಕ್ಕೆ ಕಾರಣ ಅಂಬಾದಾಸ ಮಾಸ್ತರರು. ಅವರು ಹದಿನೆಂಟರ ವಯಸ್ಸಿಗೆ ಮುಂಬೈಗೆ ಓಡಿಹೋಗಿ, ಸಿನಿಮಾ ಹಾಡುಗಳ ರೆಕಾರ್ಡಿಂಗಿನಲ್ಲಿ ಮೂವತ್ತು ವರ್ಷ ವಯಲಿನ್ ಬಾರಿಸಿದವರು. ನಲವತ್ತು ವಯಲಿನ್‌ಗಳ ಸಾಲಿನಲ್ಲಿ ಕೊನೆಯ ಕುರ್ಚಿ ಅವರದು. ನಲವತ್ತರ ಕೆಲಸವನ್ನು ಒಂದೇ ಯಂತ್ರ ಮಾಡಲು ಶುರುಮಾಡಿದಾಗ ಪೆಟ್ಟಿಗೆ ಬಗಲಿಗೇರಿಸಿಕೊಂಡು ಊರಿಗೆ ಬಂದು, ಚಮನಸಾಬನ ಎದುರು ಮನೆಯಲ್ಲಿ ಉಳಿದರು. ಒಂಬತ್ತು ವರ್ಷದ ಸುರೈಯಾ ಅವರ ಕಿಟಕಿಯ ಸರಳು ಹಿಡಿದು ನಿಂತವಳು ಊಟಕ್ಕೆ ಕರೆದರೂ ಬರಲಿಲ್ಲ. ತಾಯಿ ರೋಶನಬಿ ರಟ್ಟೆ ಹಿಡಿದು ಎಳೆದುಕೊಂಡು ಬಂದಳು, ಮರುದಿನ ಮತ್ತೆ ಅದೇ ಕಥೆ. ಮೂರನೆಯ ದಿನ ರೋಶನಬಿ ತಾಟಿನಲ್ಲಿ ರೊಟ್ಟಿ ಹಾಕಿ ಕಿಟಕಿಗೇ ಕಳಿಸಿದಳು. ಹುಡುಗಿಯ ಸಂಗೀತ ಶಿಕ್ಷಣ ಆರಂಭವಾದದ್ದು ಹೀಗೆ.

ಅಂಬಾದಾಸರು ಕಲಿಸಿದ್ದು ಸಾಹೇಬರ ಕಾಲದ ಪದ್ಧತಿ, ಐದು ಗೆರೆಗಳ ಮೇಲೆ ಬರೆದ ಸ್ವರಗಳನ್ನು ಓದಿ ಬಾರಿಸುವುದು. ಅದರ ಜೊತೆಗೆ ಅವರು ತಮ್ಮ ಬದುಕಿನ ಪಾಠವನ್ನೂ ಕಲಿಸಿದರು. "ನಿನ್ನ ಆವಾಜು ಬ್ಯಾರೆ ಕೇಳಿಸಬಾರದು. ಬಾಜೂದವರ ಆವಾಜಿನಾಗ ಮುಳುಗಿ ಹೋಗಬೇಕು. ಮೂವತ್ತು ವರ್ಷ ನನ್ನ ವಯಲಿನ್ ಯಾರಿಗೂ ಕೇಳಿಲ್ಲ, ಅದಕ್ಕ ನನ್ನ ಯಾರೂ ಕೆಲಸದಿಂದ ತಗದಿಲ್ಲ" ಎನ್ನುತ್ತಿದ್ದರು. ಸುರೈಯಾಳಿಗೆ ಈ ಪಾಠ ಮೈಗೂಡಿತು. ಬಾರಿಸುವಾಗ ಮಾತ್ರವಲ್ಲ, ಮಾತಾಡುವಾಗಲೂ ಅವಳು ಕೊನೆಯ ಕುರ್ಚಿಯವಳೇ ಆದಳು.

ಚಮನಸಾಬನಿಗೆ ಮಗಳ ಮೇಲೆ ಪ್ರಾಣ, ಅವಳ ಸಂಗೀತದ ಮೇಲೆ ಸಂಶಯ. "ಎಷ್ಟ ಸಣ್ಣ ಆವಾಜು ಬೇ ಅದು. ಕುದುರಿ ಮುಂದ ಬಾರಿಸಿದ್ರ ಕುದುರಿಗೂ ಕೇಳಂಗಿಲ್ಲ" ಎಂದು ಛೇಡಿಸುತ್ತಿದ್ದ. ಹಾಗೆಂದು ಅವಳನ್ನು ತಡೆದವನಲ್ಲ. ಓಣಿಯ ಹಿರಿಯರೊಬ್ಬರು ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂದಾಗ, ನಮ್ಮ ಮನೆಯಲ್ಲಿ ವಾದ್ಯ ಹಿಡಿಯದವರಿಗೆ ಊಟ ಹಾಕುವುದಿಲ್ಲ ಎಂದು ನಗುತ್ತಲೇ ಹೇಳಿ ಕಳಿಸಿದ್ದ. ಆದರೆ ಅವಳು ಬಾರಿಸುವುದನ್ನು ಅವನು ಮೊದಲಿನಿಂದ ಕೊನೆಯ ತನಕ ಕೂತು ಕೇಳಿದ್ದು ಒಮ್ಮೆಯೂ ಇಲ್ಲ. ಅವಳ ಕಾರ್ಯಕ್ರಮವಿದ್ದ ದಿನ ಯಾರದಾದರೂ ಮದುವೆ ಇದ್ದೇ ಇರುತ್ತಿತ್ತು. ಸುರೈಯಾಳಿಗೆ ಇದು ಮನಸ್ಸಿನಲ್ಲಿತ್ತು, ಹೇಳಿರಲಿಲ್ಲ.

ಡಿಗ್ರಿ ಮುಗಿಸಿ ಅವಳು ಪುಣೆಗೆ ಹೋದಳು. ಹಗಲೆಲ್ಲ ಮಕ್ಕಳಿಗೆ ವಯಲಿನ್ ಕಲಿಸುವುದು, ಸಂಜೆ ತಾನು ಕಲಿಯುವುದು. ಇಪ್ಪತ್ತನಾಲ್ಕಕ್ಕೆ ಅವಳ ದಾರಿ ತೆರೆಯಿತು. ರಾಜಾರಾಮ ಎಂಬವನ ಒಂದು ಸಣ್ಣ ಮೇಳದಲ್ಲಿ ಒಂದು ಕುರ್ಚಿ ಖಾಲಿಯಾಯಿತು. ನಾಲ್ಕೇ ಜನರ ಮೇಳ ಅದು. ರಾಜಾರಾಮನದು ಮೊದಲ ವಯಲಿನ್, ಪೂನಮಳದು ವಯಲಿನ್‌ಗಿಂತ ತುಸು ದೊಡ್ಡದಾದ ವಿಯೋಲಾ, ಅಜಿತನದು ಕಾಲುಗಳ ನಡುವೆ ನಿಲ್ಲಿಸಿಕೊಂಡು ಬಾರಿಸುವ ಚೆಲ್ಲೊ. ಖಾಲಿಯಾದದ್ದು ಎರಡನೆಯ ವಯಲಿನ್. ಇವರು ಬಾರಿಸುವುದಕ್ಕೆ ಚೇಂಬರ್ ಮ್ಯೂಸಿಕ್ ಎನ್ನುತ್ತಾರೆ, ದೊಡ್ಡ ಸಭಾಂಗಣಕ್ಕಿಂತ ಮನೆಯ ಪಡಸಾಲೆಗೆ ಒಪ್ಪುವ ಸಂಗೀತ. ಮುಂದೆ ನಿಂತು ಕೋಲು ಆಡಿಸುವವರು ಯಾರೂ ಇರುವುದಿಲ್ಲ. ಒಬ್ಬರ ಉಸಿರು ಇನ್ನೊಬ್ಬರು ನೋಡಿಕೊಂಡೇ ಶುರುಮಾಡಬೇಕು, ಒಬ್ಬರನ್ನೊಬ್ಬರು ಕೇಳಿಕೊಂಡೇ ಮುಗಿಸಬೇಕು.

ಸುರೈಯಾಳನ್ನು ಒಂದು ವರ್ಷದ ಪರೀಕ್ಷೆಯ ಮೇಲೆ ತೆಗೆದುಕೊಂಡರು. ಆ ಮೇಳದಲ್ಲೂ ಒಂದು ಕಟ್ಟಳೆಯಿತ್ತು. ಅವರು ಬಾರಿಸುವ ಕೃತಿಗಳ ಅಚ್ಚಿನ ಪುಸ್ತಕಗಳು ರಾಜಾರಾಮನ ಖಾದಿ ಚೀಲದಲ್ಲಿರುತ್ತಿದ್ದವು. ಎರಡನೆಯ ವಯಲಿನ್ನಿನ ಪುಸ್ತಕದಲ್ಲಿ ಹಿಂದೆ ಆ ಕುರ್ಚಿಯಲ್ಲಿ ಕೂತಿದ್ದ ಮೂವರ ಪೆನ್ಸಿಲ್ ಗುರುತುಗಳಿದ್ದವು, ಎಲ್ಲಿ ಕಮಾನು ಮೇಲೆ, ಎಲ್ಲಿ ಉಸಿರು, ಎಲ್ಲಿ ಯಾರನ್ನು ನೋಡಬೇಕು. ಪರೀಕ್ಷೆಯಲ್ಲಿದ್ದವರಿಗೆ ಅದರ ಝೆರಾಕ್ಸ್ ಮಾತ್ರ. "ಪುಸ್ತಕ ಮನಿಯವರಿಗಷ್ಟ" ಎಂದು ರಾಜಾರಾಮ ಮೊದಲ ದಿನವೇ ಹೇಳಿದ್ದ. ಅವನು ಸೊಲ್ಲಾಪುರದವನು, ಮನೆಮಾತು ಕನ್ನಡ, ಮುಚ್ಚುಮರೆಯಿಲ್ಲದ ನಾಲಿಗೆ. ಹನ್ನೊಂದು ತಿಂಗಳು ಸುರೈಯಾ ಝೆರಾಕ್ಸ್ ಹಾಳೆಗಳನ್ನು ಗಮ್‌ಟೇಪಿನಿಂದ ಅಂಟಿಸಿಕೊಂಡು ಬಾರಿಸಿದಳು. ಆ ಪುಸ್ತಕ ತನ್ನ ಕೈಗೆ ಬರಬೇಕೆಂಬುದು ಬಿಟ್ಟು ಅವಳಿಗೆ ಬೇರೆ ಯಾವ ಆಸೆಯೂ ಇರಲಿಲ್ಲ.

ವರ್ಷ ಮುಗಿಯಲು ಮೂರು ವಾರವಿದ್ದಾಗ, ನವೆಂಬರಿನಲ್ಲಿ, ಮೇಳವನ್ನು ತನ್ನ ಸೀಮೆಗೆ ಕರೆತಂದಳು. ಏರ್ಪಾಡೆಲ್ಲ ಚಮನಸಾಬನದೇ. ಶನಿವಾರ ಸಂಜೆ ತಿಕೋಟಾದಲ್ಲಿ, ಭಾನುವಾರ ಮುಂಜಾನೆ ಬಬಲೇಶ್ವರದಲ್ಲಿ. ಅದೃಷ್ಟಕ್ಕೆ ಆ ಎರಡು ದಿನ ಯಾವ ಮದುವೆಯೂ ಇರಲಿಲ್ಲ. ಇದ್ದ ಒಂದನ್ನು ಅವನು ಬೇರೆ ಬ್ಯಾಂಡಿಗೆ ದಾಟಿಸಿದ್ದ ಎಂಬುದು ರೋಶನಬಿಗೆ ಮಾತ್ರ ಗೊತ್ತಿತ್ತು.

ನಾಲ್ವರೂ ಜೋರಾಪುರ ಪೇಟೆಯ ಮನೆಯಲ್ಲೇ ಇಳಿದುಕೊಂಡರು. ರೋಶನಬಿ ಕಟಿರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಬಡಿಸಿ, ಸಾಕೆಂದವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅಜಿತನ ಚೆಲ್ಲೊ ಬಾಗಿಲೊಳಗೆ ಬರುವುದನ್ನು ನೋಡಲು ಓಣಿಯವರೆಲ್ಲ ನೆರೆದಿದ್ದರು. ಅಂಬಾದಾಸರು ಮೊಣಕಾಲು ನೋವಿನಲ್ಲೂ ರಸ್ತೆ ದಾಟಿ ಬಂದು, ಅದರ ತಂತಿಯೊಂದನ್ನು ಮೀಟಿ, "ಭಾಳ ವರ್ಷ ಆಗಿತ್ತು ಈಕಿ ಭೆಟ್ಟಿಯಾಗಿ" ಎಂದು ಕಣ್ಣೊರೆಸಿಕೊಂಡರು. ಪೂನಮ ಬ್ಯಾಂಡಿನ ಕೆಂಪು ಕೋಟೊಂದನ್ನು ತೊಟ್ಟು ಫೋಟೊ ತೆಗೆಸಿಕೊಂಡಳು. ಎಲ್ಲರೂ ಖುಷಿಯಾಗಿದ್ದರು, ಸುರೈಯಾ ಒಬ್ಬಳನ್ನು ಬಿಟ್ಟು.

ಅವಳ ಹೆದರಿಕೆ ಇಷ್ಟೇ. ಅವರು ಬಾರಿಸುವ ಕೃತಿಗೆ ನಾಲ್ಕು ಭಾಗಗಳು. ಒಂದು ಭಾಗ ಮುಗಿದ ಮೇಲೆ ಒಂದಷ್ಟು ಹೊತ್ತು ಮೌನ, ಆಮೇಲೆ ಇನ್ನೊಂದು ಭಾಗ. ಆ ಮೌನವೂ ಕೃತಿಯದೇ. ರಾಜಾರಾಮ ಅದನ್ನು ಎಷ್ಟು ಜೋಪಾನ ಮಾಡುತ್ತಿದ್ದನೆಂದರೆ, ಪುಣೆಯಲ್ಲಿ ಒಮ್ಮೆ ಆ ಹೊತ್ತಿನಲ್ಲಿ ಯಾರದೋ ಫೋನು ಬಡಿದುಕೊಂಡದ್ದಕ್ಕೆ ಮತ್ತೆ ಮೊದಲಿನಿಂದ ಶುರುಮಾಡಿಸಿದ್ದ. ಇತ್ತ ತನ್ನ ಸೀಮೆಯ ಜನಕ್ಕೆ ವಾದ್ಯ ನಿಂತರೆ ಏನು ಅನ್ನಿಸುತ್ತದೆಂದು ಬ್ಯಾಂಡ್ ಮಾಸ್ತರನ ಮಗಳಿಗೆ ಚೆನ್ನಾಗಿ ಗೊತ್ತು. ಜನರಿಗೆ ಮೊದಲೇ ಹೇಳೋಣವೆಂದರೆ, ಪುಣೆಗೆ ಹೋಗಿ ನಮಗೇ ಬುದ್ಧಿ ಹೇಳಲು ಬಂದಳು ಎಂದಾರು. ರಾಜಾರಾಮನಿಗೆ ಹೇಳೋಣವೆಂದರೆ, ಎಂಥ ಊರಿಗೆ ಕರೆತಂದೆ ಎಂದಾನು. ಅವಳು ಎರಡೂ ಕಡೆ ಸುಮ್ಮನಿದ್ದಳು.

ತಿಕೋಟಾದ ಕಾರ್ಯಕ್ರಮ ಕರೆಪ್ಪನ ಒಣದ್ರಾಕ್ಷಿ ಶೆಡ್ಡಿನಲ್ಲಿ. ಕರೆಪ್ಪ ದ್ರಾಕ್ಷಿ ಬೆಳೆಗಾರ, ಅವನ ಮದುವೆಯ ಬ್ಯಾಂಡೂ ಚಮನಸಾಬನದೇ. ಸುಗ್ಗಿಯಲ್ಲಿ ಹೆಂಗಸರು ಸಾಲಾಗಿ ಕೂತು ಒಣದ್ರಾಕ್ಷಿ ಆರಿಸುವ ಆ ಉದ್ದನೆಯ ಕೋಣೆ ಈಗ ಖಾಲಿಯಿತ್ತು, ಗೋಡೆಗಳಿಗೆ ಮಾತ್ರ ಸಿಹಿ ವಾಸನೆ ಅಂಟಿಕೊಂಡಿತ್ತು. ಇನ್ನೂರು ಜನ ಜಮಖಾನೆಯ ಮೇಲೆ ಒತ್ತಾಗಿ ಕೂತಿದ್ದರು. ಮೊದಲ ಭಾಗ ಅದ್ಭುತವಾಗಿ ಹೋಯಿತು. ಮುಂದೆ ಕೂತಿದ್ದ ಮುದುಕರೊಬ್ಬರು ಯಾವ ರಾಗವೆಂದು ತಿಳಿಯದೆಯೂ ತಲೆದೂಗುತ್ತಿದ್ದರು. ಭಾಗ ಮುಗಿಯಿತು. ರಾಜಾರಾಮ ಕಮಾನನ್ನು ಗಾಳಿಯಲ್ಲೇ ಹಿಡಿದು, ಕಣ್ಣು ಮುಚ್ಚಿ, ಆ ಮೌನದೊಳಗೆ ಇಳಿದ.

"ಈಗ ಕಲಾವಿದರಿಗೆ ಸನ್ಮಾನ" ಎಂದು ಮೈಕಿನಲ್ಲಿ ಕರೆಪ್ಪನ ದನಿ ಗುಡುಗಿತು.

ಕಣ್ಣು ತೆರೆಯುವಷ್ಟರಲ್ಲಿ ರಾಜಾರಾಮನ ಹೆಗಲ ಮೇಲೆ ಶಾಲು ಬಿದ್ದಿತ್ತು, ಕೊರಳಲ್ಲಿ ಒಣದ್ರಾಕ್ಷಿ ಪೋಣಿಸಿದ ಎರಡು ಸೇರಿನ ಹಾರವಿತ್ತು. ಹಾರದ ಅಂಟು ನೂರು ವರ್ಷದ ವಯಲಿನ್ನಿಗೆ ತಾಗೀತೆಂದು ಅವನು ಅದನ್ನು ಕೂಸಿನಂತೆ ಮೇಲಕ್ಕೆತ್ತಿ ಹಿಡಿದು ನಿಂತ. ಜನ ಅದನ್ನು ಆಶೀರ್ವಾದವೆಂದು ತಿಳಿದು ಕೈಮುಗಿದರು. ಮೂರು ಭಾಷಣಗಳಾದವು. ಎರಡನೆಯ ಭಾಗ ಮುಗಿದಾಗ ವಂದನಾರ್ಪಣೆಯಾಯಿತು, ಶೆಡ್ಡಿನ ಹಿಂದೆ ಪಂಗತಿಯೂ ಶುರುವಾಯಿತು, ಬಡಿಸಲು ಚಮನಸಾಬನೂ ಎದ್ದು ಹೋದ. ಮೂರು ಮತ್ತು ನಾಲ್ಕನೆಯ ಭಾಗಗಳನ್ನು ಅವರು ತಾಟುಗಳ ಸದ್ದಿನ ನಡುವೆ, ಎದ್ದು ಹೋಗಲಾರದ ಇಪ್ಪತ್ತು ಮುದುಕರಿಗೆ ಬಾರಿಸಿದರು. ಎಲ್ಲರಿಗೂ ಪರಮಾನಂದ. ಇಂಥ ಸಂಗೀತ ತಿಕೋಟಾದಲ್ಲಿ ಆಗಿಯೇ ಇಲ್ಲವೆಂದು ಕರೆಪ್ಪ ನಾಲ್ವರ ಕೈಗೂ ಒಣದ್ರಾಕ್ಷಿಯ ಡಬ್ಬಿ ಕೊಟ್ಟು ಬೀಳ್ಕೊಟ್ಟ. ಹಿಂತಿರುಗುವ ದಾರಿಯುದ್ದಕ್ಕೂ ಅಜಿತ ಹಾರ ತಿನ್ನುತ್ತಿದ್ದ. ರಾಜಾರಾಮ ಕಿಟಕಿಯ ಹೊರಗೆ ನೋಡುತ್ತಿದ್ದ.

ಮರುದಿನ ಮುಂಜಾನೆ ಚಹಾದ ಕಪ್ಪು ಹಿಡಿದುಕೊಂಡು ಅವನು ಸುರೈಯಾಳ ಎದುರು ಕೂತ. ಬ್ಯಾಂಡಿನ ಸಾಮಾನು ಇಡುವ ಕೋಣೆ ಅದು, ಗೋಡೆಯ ತುಂಬ ಹಿತ್ತಾಳೆ ವಾದ್ಯಗಳು.

"ನಿಮ್ಮ ಮಂದಿ ಮ್ಯಾಲ ನನಗ ಸಿಟ್ಟಿಲ್ಲ. ಅವರು ಪ್ರೀತಿಲೆ ಮಾಡ್ಯಾರ. ಹಿಂಗ ಆಗತೈತಿ ಅಂತ ನಿನಗ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ತು" ಎಂದಳು ಸುರೈಯಾ.

"ಮತ್ತ ಯಾಕ ಹೇಳಲಿಲ್ಲ?"

ಅವಳು ಕಪ್ಪಿನ ತಳ ನೋಡಿದಳು.

"ಇದನ್ನ ಹನ್ನೊಂದು ತಿಂಗಳಿಂದ ನೋಡಾಕತ್ತೇನಿ. ನೀನು ಭಾಳ ಚೊಲೋ ಬಾರಸ್ತಿ. ಆದರ ಅಡಗಿ ಬಾರಸ್ತಿ. ನಾನು ತಪ್ಪಿದ್ರ ನೀನೂ ನನ್ನ ಸಂಗಾಟ ತಪ್ಪತಿ, ನಿಮ್ಮದು ತಪ್ಪು ಅಂತ ನನಗ ಹೇಳಂಗಿಲ್ಲ. ನಲವತ್ತು ಮಂದ್ಯಾಗ ಅದು ನಡೀತದ, ನಾಲ್ಕು ಮಂದ್ಯಾಗ ನಡಿಯಂಗಿಲ್ಲ. ಪುಣೆಕ್ಕ ಹೋದ ಮ್ಯಾಲ ಕೂತು ಮಾತಾಡೋಣು."

ಪುಣೆಗೆ ಹೋದ ಮೇಲೆ ಎಂದರೆ ಏನೆಂದು ಅವಳಿಗೆ ತಿಳಿಯಿತು. ಖಾದಿ ಚೀಲ ಅವನ ಪಕ್ಕದಲ್ಲೇ ಇತ್ತು. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಅವನು ಹೇಳಿದ್ದು ನಿಜವೆಂದು ನಾಚಿಕೆಯಾಯಿತು. ಎದ್ದು ಹಿತ್ತಲಿಗೆ ಹೋದಳು. ಅಲ್ಲಿ ಚಮನಸಾಬ ಕಲ್ಲಿನ ಮೇಲೆ ಕೂತು ಕ್ಲಾರಿನೆಟ್ಟಿನ ಕೀಲಿಗಳಿಗೆ ಎಣ್ಣೆ ಹಚ್ಚುತ್ತಿದ್ದ. ಆ ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಮನಸ್ಸು ತುಂಬಿದಾಗ ಎರಡೂ ಕಲಸಿ ಬರುತ್ತಿತ್ತು. ಅವಳು ಆ ದಿನ ಹೇಳಿದ್ದು ಹೆಚ್ಚೂಕಡಿಮೆ ಹೀಗಿತ್ತು.

"ಅಬ್ಬಾ, ನಿನ್ನೆ ಆದದ್ದು ತಪ್ಪಾತು. ನಮ್ಮ ಹಾಡು ನಡುವ ಗಪ್ ಆಗತೈತಿ, ಅದು ಮುಗಿದದ್ದಲ್ಲ. ಆ ಗಪ್ ಇರೋದೂ ಹಾಡಿಂದ ಐತಿ. ಅದನ್ನ ನಾ ನಿನಗ ಹೇಳಬೇಕಾಗಿತ್ತು, ಕರೆಪ್ಪಕಾಕಾಗ ಹೇಳಬೇಕಾಗಿತ್ತು. ಹೇಳಲಿಲ್ಲ."

ಚಮನಸಾಬ ಎಣ್ಣೆಯ ಬತ್ತಿ ಕೆಳಗಿಟ್ಟ. ಮಗಳು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ.

"ಗಪ್ ಇರೋದೂ ಹಾಡಿನಾಗ ಬರದಿರ್ತದೇನು?"

"ಬರದಿರ್ತದ."

"ಮತ್ತ ಆ ಹೊತ್ತಿನಾಗ ಮಂದೀನ ಯಾರು ಹಿಡೀತಾರ? ನಮ್ಮಲ್ಲಿ ಡ್ರಮ್ಮಿನವ ಹಿಡೀತಾನ."

"ಯಾರೂ ಹಿಡಿಯಂಗಿಲ್ಲ ಅಬ್ಬಾ."

"ಅದಕ್ಕ ನಿನ್ನೆ ಹಾಡು ಬಿದ್ದದ್ದು" ಎಂದ ಚಮನಸಾಬ, ರೋಗ ಪತ್ತೆಯಾದ ವೈದ್ಯನ ಸಮಾಧಾನದಿಂದ. ಎಣ್ಣೆಯ ಕೈ ಒರೆಸಿಕೊಂಡು, "ಎಷ್ಟು ಸಲ ಗಪ್ ಆಗ್ತೀರಿ?" ಎಂದು ಕೇಳಿದ.

"ಮೂರು ಸಲ."

"ನಾ ಹಿಡೀತೀನಿ ತಗೋ. ಸನ್ಮಾನದ ವಿಚಾರ ನೀ ನೋಡು. ಅದನ್ನ ನಾ ಹೇಳಿದ್ರ ಕೇಳಂಗಿಲ್ಲ, ರುಕ್ಮವ್ವ ಟೀಚರ್ ನನಗ ಸಾಲ್ಯಾಗ ಬಡದಾಕಿ."

ಬಬಲೇಶ್ವರದ ಕಾರ್ಯಕ್ರಮದ ಯಜಮಾನಿಕೆ ಈ ರುಕ್ಮವ್ವನವರದು. ನಿವೃತ್ತರಾಗಿ ಹನ್ನೆರಡು ವರ್ಷವಾಗಿದ್ದರೂ ಊರನ್ನು ಇನ್ನೂ ತರಗತಿಯಂತೆಯೇ ನಡೆಸುವವರು. ಸಮುದಾಯ ಭವನದ ಬಾಗಿಲಲ್ಲೇ ಅವರ ಕೈಯಲ್ಲಿ ಕಾಗದವಿತ್ತು. ಸನ್ಮಾನಿತರು ನಾಲ್ವರು, ಸನ್ಮಾನ ಮಾಡುವವರು ಹನ್ನೊಂದು ಮಂದಿ, ಮಾತಾಡುವವರು ಐವರು. ಹಿಂದೆ ಒಬ್ಬ ತಲೆಗೆ ಸುತ್ತುವ ನಾಲ್ಕು ಕೇಸರಿ ರುಮಾಲುಗಳನ್ನು ತಾಟಿನಲ್ಲಿ ಹಿಡಿದು ನಿಂತಿದ್ದ.

ಸುರೈಯಾ ಆ ಕಾಗದ ಓದಿದಳು. ಹಿಂದೆ ರಾಜಾರಾಮ ಬರುತ್ತಿದ್ದ. ಅವಳು ಕೊನೆಯ ಕುರ್ಚಿಯಿಂದ ಎದ್ದಳು ಎಂದೇ ಹೇಳಬೇಕು.

"ಟೀಚರ್, ಒಂದು ಮಾತು ಹೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಸನ್ಮಾನ ಎಲ್ಲಾ ಮೊದಲ ಮಾಡಿಬಿಡ್ರಿ. ಶಾಲು, ಹಾರ, ರುಮಾಲು, ಭಾಷಣ, ಒಂದೂ ಬಿಡಬ್ಯಾಡ್ರಿ. ಆಮ್ಯಾಲ ನಾವು ಬಾರಸ್ತೀವಿ. ಬಾರಿಸಾಕ ಕೂತ ಮ್ಯಾಲ ಮುಗಿಯೋತನಕ ಯಾರೂ ವೇದಿಕೆಗೆ ಬರಬಾರದ್ರಿ, ನೀವೂ ಬರಬಾರದ್ರಿ."

ಬಾರಿಸುವ ಮೊದಲೇ ಸನ್ಮಾನ ಮಾಡುವುದು, ಪರೀಕ್ಷೆಗೆ ಕೂಡುವ ಮೊದಲೇ ಮಾರ್ಕು ಕೊಟ್ಟಂತೆ ರುಕ್ಮವ್ವನವರಿಗೆ ಕಂಡಿರಬೇಕು. ಕನ್ನಡಕ ಸರಿಪಡಿಸಿಕೊಂಡು ಸುರೈಯಾಳನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು.

"ನೀವು ಚೊಲೋ ಬಾರಸಲಿಲ್ಲಂದ್ರ?"

"ರುಮಾಲು ವಾಪಸ್ ತಗೊಳ್ರಿ."

ರುಕ್ಮವ್ವ ನಕ್ಕುಬಿಟ್ಟರು. ಹೀಗಾಗಿ ಸನ್ಮಾನ ಮೊದಲಾಯಿತು. ಐವರ ಭಾಷಣವನ್ನು ಅವರು ಮೂರಕ್ಕಿಳಿಸಿದರು, ಮೂರನೆಯವನ ಅಂಗಿ ಹಿಡಿದು ಕೂರಿಸಿದರು. ಆಮೇಲೆ ಸುರೈಯಾ ಮೈಕಿನ ಮುಂದೆ ನಿಂತಳು. ಹಾಡು ನಾಲ್ಕು ಭಾಗದ್ದು, ನಡುವೆ ಮೂರು ಸಲ ಗಪ್ಪಾಗುತ್ತೇವೆ, ನಮ್ಮ ಅಬ್ಬಾನ ಕೈ ಮೇಲಿದ್ದ ತನಕ ಮುಗಿದಿಲ್ಲ ಎಂದು ತಿಳಿಯಿರಿ ಎಂದಳು. ಇಷ್ಟೇ ಮಾತು. ಜನ ತಲೆಯಾಡಿಸಿದರು. ಚಮನಸಾಬನ ಕೈ ಯಾರಿಗೆ ಗೊತ್ತಿಲ್ಲ. ಅವನು ಜರಿಪಟ್ಟಿಯ ಕೆಂಪು ಕೋಟು ತೊಟ್ಟು ಮೊದಲ ಸಾಲಿನ ನಟ್ಟನಡುವೆ ಕೂತಿದ್ದ. ವಾದ್ಯವಿಲ್ಲದೆ ಆ ಕೋಟು ತೊಟ್ಟದ್ದು ಅವನ ಜನ್ಮದಲ್ಲೇ ಮೊದಲ ಸಲ.

ನಾಲ್ವರೂ ರುಮಾಲು ಸುತ್ತಿಕೊಂಡೇ ಬಾರಿಸಲು ಕೂತರು, ತೆಗೆದರೆ ಅವಮಾನವಾಗುತ್ತದೆಂದು ಪೂನಮಳೇ ಹೇಳಿದಳು. ರಾಜಾರಾಮನ ರುಮಾಲು ಒಂದು ಕಿವಿಯ ಮೇಲೆ ಇಳಿದಿತ್ತು. ಅವನು ಸುರೈಯಾಳ ಕಡೆ ನೋಡಿದ. ಎಂದಿನಂತೆ ಅವಳು ಅವನ ಉಸಿರು ಕಾಯಲಿಲ್ಲ, ತಾನೂ ಉಸಿರೆಳೆದಳು. ಎರಡು ವಯಲಿನ್‌ಗಳು ಒಟ್ಟಿಗೆ ಶುರುವಾದವು.

ಮೊದಲ ಭಾಗ ಮುಗಿಯಿತು. ಚಮನಸಾಬನ ಕೈ ಮೇಲೆದ್ದಿತು. ಮುನ್ನೂರು ಜನ ಕೂತ ಭವನದಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಒಂದು ಕೂಸು ಅಳಲು ಬಾಯಿ ತೆರೆಯಿತು, ಅದರ ಅಜ್ಜಿ ಬೆರಳು ಚಾಚಿ ಆ ಕೈ ತೋರಿಸಿದಳು, ಕೂಸು ಅದನ್ನೇ ನೋಡುತ್ತ ಬಾಯಿ ತೆರೆದುಕೊಂಡೇ ಉಳಿಯಿತು. ರಾಜಾರಾಮ ಕಣ್ಣು ಮುಚ್ಚಿ ಕೂತಿದ್ದವನು ಬೇಕೆಂದೇ ಎಂದಿಗಿಂತ ಹೆಚ್ಚು ಹೊತ್ತು ಕೂತ. ಯಾರೂ ಅಲುಗಲಿಲ್ಲ. ಅವನು ಕಮಾನು ಎತ್ತಿದ ಕೂಡಲೇ ಚಮನಸಾಬ ಕೈ ಇಳಿಸಿದ.

ಎರಡನೆಯ ಭಾಗ ನಿಧಾನದ್ದು. ಅದರ ನಡುವೆ ಹದಿನಾರು ಮಾತ್ರೆ ಎರಡನೆಯ ವಯಲಿನ್ ಒಂದೇ ಹಾಡುತ್ತದೆ, ಉಳಿದ ಮೂರೂ ಅದರ ಕೆಳಗೆ ಸಣ್ಣ ದನಿಯಲ್ಲಿ ನಿಂತಿರುತ್ತವೆ. ಹನ್ನೊಂದು ತಿಂಗಳು ಸುರೈಯಾ ಅದನ್ನು ಕ್ಷಮೆ ಕೇಳಿದಂತೆ ಬಾರಿಸಿದ್ದಳು. ಆ ದಿನ ಅವಳಿಗೆ ಮನಸಾರೆ ಸಂತೋಷವಾಗಿತ್ತು. ಆ ಸಂತೋಷ ನೇರವಾಗಿ ಕಮಾನಿಗೆ ಇಳಿಯಿತು. ಕೊನೆಯ ಸಾಲಿನವರಿಗೂ ಅವಳ ದನಿ ಬೇರೆಯಾಗಿ ಕೇಳಿಸಿತು. ಅಜಿತ ಚೆಲ್ಲೊದ ಮೇಲಿಂದ ತಲೆಯೆತ್ತಿ ಅವಳನ್ನು ನೋಡಿದ. ಆ ಭಾಗ ಮುಗಿದಾಗಲೂ, ಮೂರನೆಯದು ಮುಗಿದಾಗಲೂ ಕೈ ಮೇಲೆದ್ದಿತು, ಭವನ ಹಾಗೆಯೇ ನಿಂತಿತು.

ನಾಲ್ಕನೆಯದು ಓಟದ ಭಾಗ. ಅದರ ಕೊನೆಯ ಮೂರು ಹೊಡೆತ ಬಿದ್ದವು, ನಾಲ್ವರ ಕಮಾನುಗಳೂ ಒಟ್ಟಿಗೆ ಗಾಳಿಗೆದ್ದವು. ಕೃತಿ ಮುಗಿಯಿತು.

ಚಪ್ಪಾಳೆ ಬರಲಿಲ್ಲ.

ಐದು ಸೆಕೆಂಡು, ಹತ್ತು ಸೆಕೆಂಡು. ಹಿಡಿಸಲಿಲ್ಲವೇ, ರುಕ್ಮವ್ವ ರುಮಾಲು ವಾಪಸು ಕೇಳುತ್ತಾರೆಯೇ ಎಂದು ಸುರೈಯಾ ಕಣ್ಣು ಕೆಳಗಿಳಿಸಿದಳು. ಆಗ ಕಂಡಿತು. ಮೊದಲ ಸಾಲಿನಲ್ಲಿ ಅಬ್ಬಾನ ಕೈ ಮೇಲೆಯೇ ಇತ್ತು. ಮೂರೇ ಸಲ ಎಂದು ಅವಳು ಹೇಳಿದ್ದಳು, ಅವನು ನಾಲ್ಕನೆಯ ಸಲವೂ ಎತ್ತಿದ್ದ. ಅಂಗೈ ಗಟ್ಟಿಯಾಗಿ ನಿಂತಿತ್ತು, ಮುಖದ ಮೇಲೆ ಕಣ್ಣೀರು ಧಾರೆಯಾಗಿ ಇಳಿದು ಗಡ್ಡ ತೊಯ್ದು ಜರಿಪಟ್ಟಿಯ ಮೇಲೆ ಬೀಳುತ್ತಿತ್ತು. ಮುನ್ನೂರು ಜನ ಆ ಕೈ ನೋಡುತ್ತ ತುಟಿಬಿಚ್ಚದೆ ಕೂತಿದ್ದರು. ಕೊನೆಗೆ ರುಕ್ಮವ್ವನವರು ಹಿಂದಿನಿಂದ ಬಗ್ಗಿ, ಸಾಲೆಯಲ್ಲಿ ಹೇಳುತ್ತಿದ್ದ ದನಿಯಲ್ಲೇ ಹೇಳಿದರು.

"ಚಮನ್ಯಾ, ಕೈ ಇಳಸೋ."

ಕೈ ಇಳಿಯಿತು. ಆಮೇಲೆ ಬಿದ್ದ ಚಪ್ಪಾಳೆಗೆ ಭವನದ ತಗಡು ಗದಗುಟ್ಟಿತು. ಕೂಸು ಈಗ ನಿಶ್ಚಿಂತೆಯಿಂದ ಅತ್ತಿತು.

ಊಟದ ಹೊತ್ತಿಗೆ ರಾಜಾರಾಮ ಚಮನಸಾಬನ ಪಕ್ಕದಲ್ಲೇ ಪಂಗತಿಗೆ ಕೂತ. "ಎಲ್ಲೆಲ್ಲೋ ಬಾರಿಸೇನ್ರಿ, ಇಂಥಾ ಗಪ್ ಎಲ್ಲೂ ಸಿಕ್ಕಿಲ್ಲ. ಕಡೀಕ ಯಾಕ ಇಳಸಲಿಲ್ಲರಿ? ಮುಗಿದದ್ದು ಗೊತ್ತಾಗಲಿಲ್ಲೇನು?"

"ಗೊತ್ತಾತ್ರಿ" ಎಂದ ಚಮನಸಾಬ, ರೊಟ್ಟಿ ಮುರಿಯುತ್ತ. "ಇಪ್ಪತ್ತೈದು ವರ್ಷದಾಗ ನನ್ನ ಮಗಳ ಹಾಡು ಇವತ್ತ ಪೂರಾ ಕೇಳೇನಿ. ಇನ್ನೊಂದು ಸ್ವಲ್ಪ ಹೊತ್ತು ಮುಗೀಬಾರದು ಅನಿಸ್ತು."

ಎದುರು ಕೂತಿದ್ದ ಸುರೈಯಾ ತನ್ನ ರೊಟ್ಟಿಯೊಂದನ್ನು ಅಬ್ಬಾನ ತಾಟಿಗೆ ದಾಟಿಸಿದಳು. ಕೈತೊಳೆದು ಬಂದ ಮೇಲೆ ರಾಜಾರಾಮ ಖಾದಿ ಚೀಲ ಬಿಚ್ಚಿ, ಮೂವರ ಪೆನ್ಸಿಲ್ ಗುರುತಿದ್ದ ಆ ಹಳೆಯ ಪುಸ್ತಕ ತೆಗೆದು ಅವಳ ಕೈಯಲ್ಲಿಟ್ಟ. "ಪುಣೆಕ್ಕ ಹೋದ ಮ್ಯಾಲ ಮಾತಾಡೋಣು ಅಂದಿದ್ದೆ. ನೀನು ಇಲ್ಲೇ ಮಾತಾಡಿಬಿಟ್ಟಿ" ಎಂದ. ಪೂನಮ ತನ್ನ ಕಿವಿಯ ಹಿಂದಿನ ಪೆನ್ಸಿಲನ್ನೂ ಕೊಟ್ಟಳು, ಪುಸ್ತಕಕ್ಕೆ ನಾಲ್ಕನೆಯ ಗುರುತು ಬೇಕಲ್ಲ.

ಝೆರಾಕ್ಸ್ ಹಾಳೆಗಳು ಪುಣೆಗೆ ಹೋಗಲಿಲ್ಲ. ಚಮನಸಾಬ ಅವನ್ನು ಕೇಳಿ ಇಸಿದುಕೊಂಡ. ಓದಲು ಬಾರದ ಹಾಳೆ ಯಾಕೆಂದು ರೋಶನಬಿ ಕೇಳಿದರೂ ಬಿಡಲಿಲ್ಲ. "ಇದರಾಗ ನಂದು ಎಲ್ಲಿ ಐತಿ ತೋರಸು" ಎಂದು ಮಗಳ ಮುಂದೆ ಹಿಡಿದ. ಮೊದಲ ಭಾಗ ಮುಗಿದು ಎರಡನೆಯದು ಶುರುವಾಗುವ ನಡುವೆ ಎರಡು ಬೆರಳಗಲ ಖಾಲಿ ಬಿಳಿ ಜಾಗವಿತ್ತು. ಸುರೈಯಾ ಅಲ್ಲಿ ಬೆರಳಿಟ್ಟಳು.

ಈಗ ಆ ಹಾಳೆ ಗಾಜಿನ ಚೌಕಟ್ಟಿನೊಳಗೆ ಬ್ಯಾಂಡಿನ ಕೋಣೆಯಲ್ಲಿ ತೂಗುತ್ತದೆ, ಕ್ಲಾರಿನೆಟ್ಟಿನ ಪಕ್ಕದಲ್ಲಿ. ಮದುವೆಯ ಬ್ಯಾಂಡು ಗೊತ್ತು ಮಾಡಲು ಬಂದವರಿಗೆ ಚಮನಸಾಬ ಮೊದಲು ಚಹಾ ಕೊಡುತ್ತಾನೆ, ಆಮೇಲೆ ಎದ್ದು ಹೋಗಿ ಆ ಬಿಳಿ ಜಾಗ ತೋರಿಸುತ್ತಾನೆ.

"ನನ್ನ ಮಗಳ ಸಂಗಾಟ ಬಬಲೇಶ್ವರದಾಗ ಬಾರಿಸೇನ್ರಿ" ಎನ್ನುತ್ತಾನೆ. "ನಂದು ಇಲ್ಲಿ ಬರತೈತಿ ನೋಡ್ರಿ."